ಈಜು ಬಾರದ ಊರಿನಲ್ಲಿ ನನ್ನ ಅತ್ತಿಗೆ

ನನ್ನ ಅತ್ತಿಗೆಗೆ ಹಟ ಜಾಸ್ತಿ. ಇದನ್ನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಒಂದೇ ಮನೆಯಲ್ಲಿದ್ದು, ದಿನಾ ಬೆಳಗ್ಗೆ ಒಂದೇ ಬಚ್ಚಲುಮನೆಗೆ ಸರದಿ ಕಾದು, ಆ ಹಟದ ರುಚಿ ಕಂಡವಳು ನಾನು. ಅಣ್ಣ ಅವಳನ್ನು ಮದುವೆಯಾಗಿ ಕರೆತಂದ ವಾರದಲ್ಲೇ ಅವಳು ಮುಂದಿನ ಕೋಣೆಯ ಸೋಫಾವನ್ನು ಹಿತ್ತಲಿಗೆ ಸಾಗಿಸಿದಳು. ಆ ಜಾಗದಲ್ಲಿ ತನ್ನ ಹೊಲಿಗೆ ಯಂತ್ರವನ್ನು ಕೂರಿಸಿದಳು. ಅದು ರವಿಕೆ, ಲಂಗ ಹೊಲಿಯುವ ಯಂತ್ರವಲ್ಲ. ದಪ್ಪ ಕ್ಯಾನ್ವಾಸಿನ ಮೂರು ಪದರವನ್ನು ಒಟ್ಟಿಗೆ ಚುಚ್ಚುವ ರಾಕ್ಷಸ. ಅದು ಓಡಿದರೆ ಅಡುಗೆಮನೆಯ ಲೋಟಗಳು ನಡುಗುತ್ತಿದ್ದವು.

"ಮನೆಗೆ ಬಂದವರು ಎಲ್ಲಿ ಕೂರ್ಬೇಕಮ್ಮಾ?" ಎಂದು ಅಮ್ಮ ಕೇಳಿದಳು.

"ಬಂದವರು ಕೆಲಸ ಹೇಳಿ ಹೋಗ್ಲಿ ಅತ್ತೆ. ಕೂತ್ರೆ ಮಾತು, ಮಾತಾಡಿದ್ರೆ ಟೀ," ಎಂದಳು ಅತ್ತಿಗೆ.

ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಆಮೇಲೆ ತಾನೇ ಒಂದು ಸ್ಟೂಲು ಎಳೆದುಕೊಂಡು ಆ ಯಂತ್ರದ ಪಕ್ಕ ಕೂತು ದಾರ ಸುತ್ತಿಕೊಡತೊಡಗಿದಳು. ಅತ್ತೆ-ಸೊಸೆ ಹೀಗೆ ಒಂದಾಗಿ, ನನ್ನನ್ನು ಆಡಿಕೊಳ್ಳಲು ಒಂದು ಪಕ್ಷ ಕಟ್ಟಿಕೊಂಡರು. ಮದುವೆಯಾಗದೆ ತವರಲ್ಲೇ ಉಳಿದ ಮಗಳು ಎಂದ ಮೇಲೆ ಮಾತಿಗೆ ಬರವೇ?

ಅತ್ತಿಗೆ ಹೊಲಿಯುತ್ತಿದ್ದದ್ದು ದೋಣಿಗಳ ಮೇಲ್ಚಾವಣಿ, ಸೀಟಿನ ಹೊದಿಕೆ, ಎಲ್ಲಕ್ಕಿಂತ ಹೆಚ್ಚಾಗಿ ಪ್ರವಾಸಿಗರು ತೊಡುವ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟುಗಳು. ನಮ್ಮ ಊರು ಬದುಕುವುದೇ ಪ್ರವಾಸಿಗರಿಂದ. ಅವರು ಬರುವುದು ನೀರು ನೋಡಲು. ಬೋರ್ಡಿನ ಮೇಲೆ ಅದಕ್ಕೆ ದೊಡ್ಡ ಅಕ್ಷರದಲ್ಲಿ ಸರೋವರ ಎಂದು ಬರೆದಿದೆ. ನಾವು ಅದನ್ನು ಬರೀ ನೀರು ಎನ್ನುತ್ತೇವೆ. ಅದು ದೇವರು ಮಾಡಿದ್ದಲ್ಲ. ನಾನು ಹುಟ್ಟುವ ಮೊದಲು, ಎರಡು ಗುಡ್ಡಗಳ ನಡುವೆ ಗೋಡೆ ಕಟ್ಟಿ ನದಿಯನ್ನು ತಡೆದು, ದೂರದ ಪಟ್ಟಣಗಳಿಗೆ ಕರೆಂಟು ಕೊಡಲು ಮಾಡಿದ್ದು. ನದಿಯ ಪಕ್ಕದಲ್ಲಿ ನಮ್ಮ ಹಳೆಯ ಊರಿತ್ತು. ಜನ ಸಾಮಾನು ಹೊತ್ತು ಗುಡ್ಡ ಹತ್ತಿದರು. ಹೊತ್ತದ್ದೂ ಎಂಥದನ್ನು? ಪಾತ್ರೆ, ಹಾಸಿಗೆ ಸರಿ. ಮನೆಯ ಬಾಗಿಲುಗಳನ್ನೂ ಕಿತ್ತು ತಂದರು. ಹೊಸ ಊರಿನಲ್ಲಿ ಸರ್ಕಾರ ಕಟ್ಟಿಕೊಟ್ಟ ಕುಳ್ಳ ಮನೆಗಳಿಗೆ ಆ ಎತ್ತರದ ಬಾಗಿಲು ಕೂರಲಿಲ್ಲ. ಹಾಗಾಗಿ ನಮ್ಮ ಬೀದಿಯಲ್ಲಿ ಬಾಗಿಲಿಗೆ ಜಾಗ ಮಾಡಲು ಸೂರನ್ನೇ ಕತ್ತರಿಸಿದ ಮನೆಗಳಿವೆ. ಪ್ರವಾಸಿಗರು ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಬಾಗಿಲು ಹೊತ್ತು ತಂದ ಆ ಹಿರಿಯರು ಜೊತೆಗೆ ಎರಡು ಕಟ್ಟಳೆಗಳನ್ನೂ ತಂದರು. ಒಂದು, ಆ ನೀರಿಗೆ ಯಾರೂ ಕಾಲಿಡಬಾರದು ಎಂದರು. ಇನ್ನೊಂದು, ಅದರ ಅಡಿಯಲ್ಲಿ ಏನಿದೆ ಎಂದು ಬಾಯಿ ಬಿಡಲಿಲ್ಲ. ಯಾರೂ ಸಭೆ ಸೇರಿ ನಿರ್ಧರಿಸಿದ್ದಲ್ಲ. ಆದರೆ ಚಿಕ್ಕಂದಿನಲ್ಲಿ ನಾನು, "ಅಮ್ಮಾ, ನಿನ್ನ ಮನೆ ಎಲ್ಲಿತ್ತು?" ಎಂದು ಕೇಳಿದಾಗ ಅಮ್ಮ ಉತ್ತರ ಕೊಡದೆ ಎದ್ದು ಹೋದದ್ದು ನೆನಪಿದೆ. ನೀರಿಗೆ ಕಲ್ಲೆಸೆದದ್ದಕ್ಕೆ ಅಣ್ಣನ ಬೆನ್ನಿಗೆ ಬಿದ್ದ ಏಟೂ ನೆನಪಿದೆ. ತಮ್ಮ ಅಮ್ಮನ ಅಡುಗೆಮನೆಯ ಮೇಲೆ, ಅಪ್ಪ ಕೂರುತ್ತಿದ್ದ ಜಗಲಿಯ ಮೇಲೆ ಮಕ್ಕಳು ಧುಮುಕಿ ಆಡುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ. ಅದು ನನಗೆ ಅರ್ಥವಾಗುತ್ತದೆ. ಅರ್ಥವಾದರೂ ಸಿಟ್ಟು ಬರುತ್ತದೆ.

ಹೀಗೆ, ಸುತ್ತ ಕಣ್ಣು ಹಾಯಿಸಿದಷ್ಟೂ ನೀರಿರುವ ನಮ್ಮ ಊರಿನಲ್ಲಿ ಒಬ್ಬರಿಗೂ ಈಜು ಬರುತ್ತಿರಲಿಲ್ಲ. ದೋಣಿ ನಡೆಸುವವರಿಗೂ ಬರುತ್ತಿರಲಿಲ್ಲ.

ನಾನು ದೋಣಿಕಟ್ಟೆಯ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ಅಣ್ಣ, ಅಷ್ಟರಲ್ಲಿ ಒಂದು ಹೆಣ್ಣುಮಗುವಿನ ಅಪ್ಪನಾಗಿದ್ದವನು, ಅಲ್ಲೇ ಎಂಜಿನ್ ರಿಪೇರಿ ಮಾಡುತ್ತಿದ್ದ. ದೊಡ್ಡ ದೋಣಿ ನಡೆಸುವವನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಾರೆ. ಅವನ ಮೀಸೆ ಅವನಿಗಿಂತ ಅರ್ಧ ನಿಮಿಷ ಮೊದಲು ಕೌಂಟರ್ ಮುಟ್ಟುತ್ತದೆ. ಹಿರಿಯರು ಯಾರೂ ಬಾಯಿ ಬಿಡದಿದ್ದರಿಂದ, ನೀರಿನ ಕೆಳಗಿನ ಊರನ್ನು ಮೀಸೆ ತಾನೇ ಕಟ್ಟಿದ. ಬಲಕ್ಕೆ ಅರಮನೆ, ಎಡಕ್ಕೆ ರಾಣಿಯ ಸ್ನಾನದ ಕೊಳ, ನಡುವೆ ಬಂಗಾರದ ಗಂಟೆ. ಮಂಜು ಬಿದ್ದ ದಿನ ಗಂಟೆ ಕೇಳಿಸುತ್ತದೆ ಎಂದು ಅವನು ಬುರುಡೆ ಬಿಟ್ಟರೆ, ದೋಣಿ ತುಂಬಾ ಜನ ಕಿವಿ ನಿಮಿರಿಸಿ ಕೂರುತ್ತಿದ್ದರು. ನೀರಿನ ಮಧ್ಯೆ ತಲೆ ಎತ್ತಿದ ಒಂದು ದಿಬ್ಬಕ್ಕೆ ಪ್ರವಾಸಿ ಕಚೇರಿಯವರು ಪ್ರೇಮಿಗಳ ದ್ವೀಪ ಎಂದು ಹೆಸರಿಟ್ಟಿದ್ದರು. ಕೇಳಲು ಚೆನ್ನಾಗಿತ್ತು, ಟಿಕೆಟ್ಟೂ ಹೋಗುತ್ತಿತ್ತು, ನಾವು ತಲೆ ಕೆಡಿಸಿಕೊಳ್ಳಲಿಲ್ಲ.

ಅಣ್ಣ ಹೋದದ್ದು ಮಧ್ಯಾಹ್ನದ ಬಿಸಿಲಿನಲ್ಲಿ, ಎಲ್ಲರ ಕಣ್ಣೆದುರು. ದೋಣಿಯ ಎಂಜಿನ್ ಮೇಲೆ ಬಗ್ಗಿದ್ದವನು ಎದ್ದು ಕಟ್ಟೆಗೆ ಕಾಲಿಟ್ಟ. ಹಲಗೆಯ ಮೇಲೆ ಎಣ್ಣೆ ಚೆಲ್ಲಿತ್ತು. ಜಾರಿ ನೀರಿಗೆ ಬಿದ್ದ. ದೂರವೇನಿಲ್ಲ, ಕಟ್ಟೆಯಿಂದ ಕೈ ಚಾಚಿದರೆ ಇನ್ನೇನು ಸಿಗುವಷ್ಟು. ಸಿಗಲಿಲ್ಲ. ಜನ ಓಡಿ ಬಂದು ಅಂಚಿನಲ್ಲಿ ನಿಂತರು, ಕೂಗಿದರು. ಯಾರೋ ಜಾಕೆಟ್ ಎಸೆದರು, ಅದು ಗಾಳಿಗೆ ಆಚೆ ತೇಲಿಹೋಯಿತು. ಉದ್ದ ಕೋಲು ದೊಡ್ಡ ದೋಣಿಯಲ್ಲಿತ್ತು, ದೊಡ್ಡ ದೋಣಿ ಆಚೆ ದಡದಲ್ಲಿತ್ತು. ಅತ್ತಿಗೆ ಅಂದು ಹೊಲಿದ ಸೀಟುಗಳನ್ನು ಕೊಡಲು ಬಂದಿದ್ದಳು. ಅವಳೂ ನೋಡಿದಳು.

ಆಮೇಲಿನ ದಿನಗಳನ್ನು ನಾನು ವಿವರಿಸುವುದಿಲ್ಲ. ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದಳು. ಅತ್ತಿಗೆಯ ಯಂತ್ರ ಸುಮ್ಮನಾಯಿತು. ಲೋಟಗಳು ನಡುಗದ ಆ ಮನೆಯಲ್ಲಿ ಇರುವುದೇ ಕಷ್ಟವಾಗಿತ್ತು. ಒಂದು ಬೆಳಗ್ಗೆ ಅತ್ತಿಗೆ ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿ ಹೊರಟಳು.

"ಎಲ್ಲಿಗೆ?" ಎಂದೆ.

"ಪಟ್ಟಣಕ್ಕೆ. ಅಲ್ಲಿ ಈಜುಕೊಳ ಇದೆಯಂತೆ. ಕಲೀತೀನಿ."

"ನಿನಗೇನು ತಲೆ ಕೆಟ್ಟಿದೆಯಾ?"

"ಅವರ ಅಂಗಿ ಗುಂಡಿ ಕಾಣ್ತಿತ್ತು ಕಣೇ ನನಗೆ," ಎಂದಳು. "ಅಷ್ಟು ಹತ್ರ ಇದ್ರು. ಊರಿಗೆ ಊರೇ ನಿಂತು ನೋಡ್ತು. ನನ್ನ ಮಗಳು ಹೀಗೆ ಹೋಗಬಾರ್ದು. ಈ ಊರಿನ ಯಾವ ಮಗುವೂ ಹೋಗಬಾರ್ದು. ಎಲ್ಲರಿಗೂ ಈಜು ಬರಬೇಕು. ಮೊದಲು ನನಗೆ ಬರಬೇಕು, ಆಮೇಲೆ ಕಲಿಸ್ತೀನಿ."

ಅವಳಿಗೆ ಆಗ ನಲವತ್ತು ದಾಟಿತ್ತು. ಪಟ್ಟಣದ ಕೊಳದಲ್ಲಿ ಕಲಿಯಲು ಬಂದವರೆಲ್ಲ ಹಲ್ಲು ಬಿದ್ದ ಪುಟಾಣಿಗಳು. ಕಲಿಸುವ ಹುಡುಗಿ ಇವಳನ್ನು ನೋಡಿ, "ಆಂಟಿ, ಮಗುವನ್ನ ಕರ್ಕೊಂಡು ಬಂದಿದ್ದೀರಾ?" ಎಂದು ಕೇಳಿದಳಂತೆ. "ಮಗು ನಾನೇ," ಎಂದಳಂತೆ ಅತ್ತಿಗೆ. ಈಜುಡುಗೆ ಕೊಳ್ಳುವುದೇಕೆ ಎಂದು ಮಿಕ್ಕ ಜಾಕೆಟ್ ಬಟ್ಟೆಯಿಂದ ಕತ್ತಿನಿಂದ ಕಾಲಿನ ಗಂಟಿನವರೆಗೆ ಒಂದು ಕಿತ್ತಳೆ ನಿಲುವಂಗಿ ಹೊಲಿದುಕೊಂಡು ಹೋಗಿದ್ದಳು. ನೀರಿಗಿಳಿದ ತಕ್ಷಣ ಅದರೊಳಗೆ ಗಾಳಿ ತುಂಬಿ ಬಲೂನಾಯಿತು. ಅತ್ತಿಗೆ ಮುಳುಗಲೂ ಇಲ್ಲ, ಈಜಲೂ ಇಲ್ಲ. ಕೊಳದ ಮಧ್ಯೆ ಬೆನ್ನು ಮೇಲಾಗಿ ಗಿರಗಿರ ತಿರುಗಿದಳಂತೆ. ಮಕ್ಕಳು ನಕ್ಕು ನಕ್ಕು ನೀರು ಕುಡಿದರು. ಮನೆಗೆ ಬಂದು ಇದನ್ನು ಅವಳೇ ಹೇಳಿದಳು. ಅಣ್ಣ ಹೋದ ಮೇಲೆ ನಾನು ಮೊದಲ ಸಲ ಹೊಟ್ಟೆ ಹಿಡಿದು ನಕ್ಕೆ, ನಗುತ್ತಲೇ ಕಣ್ಣೀರಿಟ್ಟೆ. ಅವಳು ಆ ನಿಲುವಂಗಿಯನ್ನು ಬಿಚ್ಚಿ, ಬಿಗಿಯಾಗಿ ಮತ್ತೆ ಹೊಲಿದು, ಮುಂದಿನ ವಾರ ಹೋದಳು. ಅದರ ಮುಂದಿನ ವಾರವೂ ಹೋದಳು. ಮೂಗಿಗೆ, ಕಿವಿಗೆ ನೀರು ನುಗ್ಗಿ, ಕಣ್ಣು ಕೆಂಡವಾಗಿ ಬರುತ್ತಿದ್ದಳು. ಬಿಡಲಿಲ್ಲ.

ಅಮ್ಮನಿಗೆ ವಿಷಯ ಗೊತ್ತಾದ ದಿನ ಮನೆ ಎರಡಾಯಿತು.

"ನನ್ನ ಮನೆ ನುಂಗ್ತು ಆ ನೀರು. ನನ್ನ ಮಗನ್ನ ನುಂಗ್ತು. ಈಗ ನೀನೂ ಹೋಗ್ತೀಯಾ? ಮೊಮ್ಮಗಳನ್ನೂ ಕರ್ಕೊಂಡು ಹೋಗ್ತೀಯಾ?" ಎಂದು ಅಮ್ಮ ಕಿರುಚಿದಳು.

"ಹೌದು ಅತ್ತೆ. ಹೋಗಿ ವಾಪಸ್ ಬರೋದನ್ನ ಕಲಿಸೋಕೆ ಹೋಗ್ತೀನಿ."

"ನಾನು ಇರೋವರೆಗೆ ಆಗಲ್ಲ."

"ನೀವು ಇರೋವಾಗ್ಲೇ ಆಗ್ಬೇಕು," ಎಂದಳು ಅತ್ತಿಗೆ.

ಅಂದಿನಿಂದ ಅಮ್ಮ ಸೊಸೆಯ ಜೊತೆ ಮಾತು ಬಿಟ್ಟಳು. ಏನೇ ಹೇಳುವುದಿದ್ದರೂ ನನ್ನ ಮೂಲಕ. "ನಿನ್ನ ಅತ್ತಿಗೆಗೆ ಹೇಳು, ಬ್ರೆಡ್ ಮುಗಿದಿದೆ." ಅತ್ತಿಗೆ ಎದುರಿಗೇ ಕೂತಿರುತ್ತಿದ್ದಳು. ನಾನು ಇಬ್ಬರ ನಡುವೆ ಪೋಸ್ಟ್‌ಮ್ಯಾನ್ ಆದೆ. ಆದರೂ ಅಮ್ಮ ಆ ಸ್ಟೂಲಿನಿಂದ ಏಳಲಿಲ್ಲ. ಮಾತಾಡದೆಯೇ ದಾರ ಸುತ್ತಿಕೊಡುತ್ತಿದ್ದಳು. ನಮ್ಮ ಮನೆಯ ಸಿಟ್ಟು ಈ ಥರದ್ದು.

ಚಳಿಗಾಲ ಮುಗಿಯುವ ಹೊತ್ತಿಗೆ ಅತ್ತಿಗೆಗೆ ಈಜು ಬಂತು. ಚಂದದ ಈಜಲ್ಲ, ತಲೆ ಎತ್ತಿ, ಯಾರನ್ನೋ ಬೈಯಲು ಹೊರಟವಳಂತೆ ನೀರು ಸೀಳಿಕೊಂಡು ಹೋಗುತ್ತಾಳೆ. ಆದರೆ ಹೋಗುತ್ತಾಳೆ, ತಿರುಗಿ ಬರುತ್ತಾಳೆ. ಪಟ್ಟಣದ ಹುಡುಗಿಯಿಂದ ಕಲಿಸುವ ಬಗೆಯನ್ನೂ ಕಲಿತಳು. ಆಮೇಲೆ ಬೀದಿ ಬೀದಿ ಅಲೆದಳು. ಮಕ್ಕಳನ್ನು ಕಳಿಸಿ ಎಂದರೆ ತಾಯಂದಿರು, "ನಮ್ಮ ಅತ್ತೇನ ಕೇಳಿ," ಎಂದರು. ಅತ್ತೆಯಂದಿರನ್ನು ಕೇಳಿದರೆ, "ನಿಮ್ಮ ಅತ್ತೇನ ಕೇಳು ಮೊದಲು," ಎಂದರು. ಊರಿನ ಹಿರಿಯರಲ್ಲಿ ನಮ್ಮ ಅಮ್ಮನೇ ಗಟ್ಟಿ; ಅವಳು ಹೂಂ ಎನ್ನದೆ ಬೇರೆಯವರು ತುಟಿ ಬಿಚ್ಚುವಂತಿರಲಿಲ್ಲ.

ಅತ್ತಿಗೆಗೆ ಹಿರಿಯರಿಂದ ಬೇಕಾಗಿದ್ದದ್ದು ಒಪ್ಪಿಗೆ ಮಾತ್ರವಲ್ಲ. ಕಲಿಸಲು ಒಂದು ಜಾಗ ಬೇಕಿತ್ತು. ಅಡಿ ಮಟ್ಟಸವಾಗಿರಬೇಕು, ಮಕ್ಕಳ ಕಾಲು ನೆಲಕ್ಕೆ ತಾಗಬೇಕು, ಇದ್ದಕ್ಕಿದ್ದಂತೆ ಗುಂಡಿ ಬರಬಾರದು. ಹಳೆಯ ಊರಿನಲ್ಲಿ ಓಡಾಡಿದವರಿಗೆ ಅದು ಗೊತ್ತಿರಲೇಬೇಕು.

"ಅತ್ತೆ, ಕೆಳಗೆ ಸಮ ಜಾಗ ಎಲ್ಲಿದೆ? ಅಷ್ಟು ಹೇಳಿ ಸಾಕು," ಎಂದು ಅವಳು ಸ್ಟೂಲಿನ ಮುಂದೆ ಮಂಡಿಯೂರಿ ಕೇಳಿದಳು.

ಅಮ್ಮ ನನ್ನ ಕಡೆ ತಿರುಗಿ, "ನಿನ್ನ ಅತ್ತಿಗೆಗೆ ಹೇಳು, ನನಗೇನೂ ನೆನಪಿಲ್ಲ," ಎಂದಳು. ದಾರ ಸುತ್ತುವ ಕೈ ಮಾತ್ರ ನಿಂತಿತ್ತು.

ಅತ್ತಿಗೆ ಕಾಯಲಿಲ್ಲ. ಮೀಸೆಯ ಸಣ್ಣ ದೋಣಿ ಹತ್ತಿ, ಉದ್ದ ಬಿದಿರು ಗಳ ಹಿಡಿದು ದಡದುದ್ದಕ್ಕೂ ತಳ ಚುಚ್ಚಿ ನೋಡಿದಳು. ಮೀಸೆ ದೋಣಿ ನಡೆಸುತ್ತ, "ಇಲ್ಲಿ ರಾಣಿಯ ಕೊಳ ಇದೆ, ಹುಷಾರು," ಎಂದರೆ, "ರಾಣಿಗೆ ಹೇಳಪ್ಪಾ, ಸ್ವಲ್ಪ ಸರಿದು ಕೂತ್ಕೊಳ್ಳಲಿ," ಎನ್ನುತ್ತಿದ್ದಳು. ಕೊನೆಗೆ ಟಿಕೆಟ್ ಕೌಂಟರಿನ ಕೆಳಗೆ, ದೋಣಿಕಟ್ಟೆಗೂ ಹುಲ್ಲುಹಾಸಿಗೂ ನಡುವಿನ ದಡವನ್ನು ಆರಿಸಿದಳು. ಅಲ್ಲಿ ಇಳಿಜಾರು ಮೆಲ್ಲಗಿತ್ತು. ಭಾನುವಾರ ಶುರು ಎಂದು ಸಾರಿದಳು.

ಬೆರಳೆಣಿಕೆಯಷ್ಟು ಮಕ್ಕಳು ಬಂದರು. ಮೀಸೆಯ ಅವಳಿ ಹೆಣ್ಣುಮಕ್ಕಳು, ಬೇಕರಿಯವನ ಮಗ, ಇನ್ನಿಬ್ಬರು, ಅತ್ತಿಗೆಯ ಮಗಳು. ಎಲ್ಲರಿಗೂ ಅವಳೇ ಹೊಲಿದ ಪುಟ್ಟ ಜಾಕೆಟ್ಟುಗಳು. ಮಕ್ಕಳಿಗಿಂತ ಹೆಚ್ಚು ಜನ ನೋಡಲು ಬಂದಿದ್ದರು. ಹಿರಿಯರು ಮೇಲೆ ರಸ್ತೆಯ ಕಟ್ಟೆಯ ಮೇಲೆ ಸಾಲಾಗಿ, ತೀರ್ಪು ಕೊಡಲು ಬಂದವರಂತೆ ಕೂತಿದ್ದರು. ಅತ್ತಿಗೆ ಮಗಳ ಕೈ ಹಿಡಿದು ನೀರಿಗೆ ಒಂದು ಕಾಲಿಟ್ಟಳು.

"ಅಲ್ಲಿ ಬೇಡ!"

ಅಮ್ಮನ ದನಿ. ತಿರುಗಿ ನೋಡಿದರೆ ಅಮ್ಮ ಮೆಟ್ಟಿಲಿಳಿದು ಬರುತ್ತಿದ್ದಳು. ಅವಳು ದಡದವರೆಗೆ ಬಂದದ್ದನ್ನು ನಾನು ಹುಟ್ಟಿದ ಮೇಲೆ ನೋಡಿದ್ದೇ ಇಲ್ಲ.

"ನಾನು ಗಳ ಹಾಕಿ ನೋಡಿದ್ದೀನಿ ಅತ್ತೆ. ಕಾಲು ಸಿಗುತ್ತೆ," ಎಂದಳು ಅತ್ತಿಗೆ.

"ನಿನ್ನ ಗಳ ಸಿಕ್ಕ ಕಡೆ ಸಿಕ್ಕಿದೆ. ಅದರ ಪಕ್ಕದಲ್ಲೇ ಕಲ್ಲಿನ ಕ್ವಾರಿ ಇದೆ. ಬಾವಿ ಥರ ನೇರ ಇಳಿಯುತ್ತೆ. ಮಕ್ಕಳು ನೀನು ಗೆರೆ ಎಳೆದ ಕಡೆಗೇ ಹೋಗ್ತಾರಾ?" ತಿಂಗಳುಗಳ ನಂತರ ಅಮ್ಮ ಅವಳಿಗೆ ನೇರವಾಗಿ ಆಡಿದ ಮೊದಲ ಮಾತು ಇದು.

"ಹಾಗಾದ್ರೆ ಎಲ್ಲಿ? ನೀವೇ ಹೇಳಿ." ಅತ್ತಿಗೆಯ ದನಿ ಏರಿತು. "ನೀವು ಹೇಳಲ್ಲ, ನನಗೆ ಗೊತ್ತಿಲ್ಲ. ಆದ್ರೂ ನಾನು ಕಲಿಸ್ತೀನಿ. ಇವತ್ತಲ್ಲದಿದ್ರೆ ನಾಳೆ, ಇಲ್ಲಲ್ಲದಿದ್ರೆ ಇನ್ನೊಂದು ಕಡೆ. ನೀವು ಬಾಯಿ ಮುಚ್ಕೊಂಡಿದ್ರೆ ನಾನು ಸುಮ್ಮನಾಗ್ತೀನಿ ಅಂದ್ಕೊಂಡ್ರಾ?"

ಅಮ್ಮ ದಡದುದ್ದಕ್ಕೂ ನಡೆದು, ದೋಣಿಕಟ್ಟೆಯ ಆಚೆ ಬದಿಗೆ ಹೋದಳು. ಅಲ್ಲಿ ನಿಂತು ಒಮ್ಮೆ ಹಿಂದಿನ ಗುಡ್ಡ ನೋಡಿದಳು, ಒಮ್ಮೆ ಎದುರಿನ ಗುಡ್ಡ ನೋಡಿದಳು, ಎರಡು ಹೆಜ್ಜೆ ಬಲಕ್ಕೆ ಸರಿದಳು. ಚಪ್ಪಲಿ ಬಿಟ್ಟಳು. ಉಟ್ಟ ಬಟ್ಟೆಯಲ್ಲೇ ನೀರಿಗಿಳಿದಳು.

ಮೇಲೆ ಕೂತ ಹಿರಿಯರು ಎದ್ದು ನಿಂತರು. ಅಮ್ಮ ಮುಗ್ಗರಿಸಲಿಲ್ಲ, ತಡವರಿಸಲಿಲ್ಲ; ಅಂಗಡಿಗೆ ಹೊರಟವಳ ಹಾಗೆ ನಡೆದಳು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಅಲ್ಲಿಂದ ಮೇಲೇರಲಿಲ್ಲ. ಅತ್ತಿಗೆ ಮಗಳನ್ನು ನನ್ನ ಕೈಗೆ ಕೊಟ್ಟು ಓಡಿಹೋಗಿ ಅವಳ ಪಕ್ಕ ಸೇರಿದಳು. ನಾನು ಮಗುವಿನ ಜೊತೆ ದೋಣಿಕಟ್ಟೆಯ ತುದಿಗೆ ಬಂದೆ. ಅವರ ಮಾತು ಅಲ್ಲಿಗೆ ಕೇಳುತ್ತಿತ್ತು.

"ಇದು ಸಂತೆ ರಸ್ತೆ," ಎಂದಳು ಅಮ್ಮ. "ಮಳೆಗಾಲದಲ್ಲಿ ಗಾಡಿ ಹೂತುಹೋಗ್ತವೆ ಅಂತ ಮಣ್ಣು ತುಂಬಿ ಎತ್ತರಿಸಿದ್ರು. ಮುಂದೆ ಶಾಲೆ ಮೈದಾನ. ಮೇಜಿನ ಹಾಗೆ ಮಟ್ಟ. ಅಲ್ಲಿ ಕಲಿಸು."

ಆಮೇಲೆ ಅವಳು ದೋಣಿಕಟ್ಟೆಯ ಕಡೆ ತಿರುಗಿದಳು. ಕಟ್ಟೆಯ ತುದಿ ಅವಳಿಂದ ಎಷ್ಟು ಹತ್ತಿರವಿತ್ತೆಂದರೆ ನನ್ನ ಕಾಲಿನ ಬೆರಳು ಅವಳಿಗೆ ಕಾಣುತ್ತಿತ್ತು.

"ಅವನು ಬಿದ್ದದ್ದು ಅಲ್ಲಿ ತಾನೆ?"

"ಹೂಂ," ಎಂದಳು ಅತ್ತಿಗೆ.

"ಅದು ಕ್ವಾರಿಯ ಬಾಯಿ. ದೋಣಿಗೆ ಆಳ ಬೇಕು ಅಂತ ಅಲ್ಲಿ ಕಟ್ಟೆ ಕಟ್ಟಿದ್ರು. ಕಟ್ಟುವಾಗ ನಾವೆಲ್ಲ ಮೇಲೆ ನಿಂತು ನೋಡ್ತಿದ್ವಿ. ಪಕ್ಕದಲ್ಲೇ ರಸ್ತೆ ಇದೆ, ಬಿದ್ದವರು ಈ ಕಡೆ ಬನ್ನಿ ಅಂತ ಒಬ್ಬರೂ ಹೇಳ್ಲಿಲ್ಲ. ಆ ಊರಿನ ಮಾತೇ ಬೇಡ ಅಂತಿದ್ವಲ್ಲ." ಅಮ್ಮನ ದನಿ ಒಡೆಯಿತು. "ಅವತ್ತೂ ನೀರು ಇಷ್ಟೇ ಇತ್ತು. ನನ್ನ ಮಗ ನಾಲ್ಕು ಹೆಜ್ಜೆ ಈ ಕಡೆ ಬಂದಿದ್ರೆ ನಿಂತ್ಕೊಳ್ತಿದ್ದ ಕಣೇ. ನಿಂತ್ಕೊಂಡು ನನ್ನನ್ನ ಕೂಗ್ತಿದ್ದ. ನನಗೆ ಗೊತ್ತಿತ್ತು. ಅವನಿಗೆ ಗೊತ್ತಿರ್ಲಿಲ್ಲ."

ನನಗೆ ಅಮ್ಮನ ಮೇಲೆ ಸಿಟ್ಟು ಉಕ್ಕಿತು, ಅದರ ಹಿಂದೆಯೇ ಅವಳನ್ನು ಹೋಗಿ ತಬ್ಬಿಕೊಳ್ಳಬೇಕೆನಿಸಿತು. ಗೋಡೆಗೆ ಮುಖ ಮಾಡಿ ಮಲಗಿದ್ದ ಆ ದಿನಗಳಲ್ಲೆಲ್ಲ ಅವಳು ಇದನ್ನೇ ನೋಡುತ್ತಿದ್ದಳು. ಅತ್ತಿಗೆ ಅಮ್ಮನನ್ನು ಬೈಯುತ್ತಾಳೆ ಎಂದುಕೊಂಡೆ. ಬೈದರೂ ತಪ್ಪಿರಲಿಲ್ಲ.

ಅವಳು ನೀರಿನಿಂದ ಹೊರಬಂದು, ಕಟ್ಟೆಯ ಮೇಲೆ ನಡೆದು, ನನ್ನ ಪಕ್ಕದಲ್ಲಿ ಅಣ್ಣ ಬಿದ್ದ ಜಾಗದಲ್ಲಿ ನಿಂತಳು. ನಾನು ಅವಳ ಕೈ ಹಿಡಿಯುವ ಮೊದಲೇ ಹಾರಿದಳು. ಮುಳುಗಿ, ಎದ್ದು, ಅಮ್ಮ ನಿಂತ ಕಡೆಗೆ ಕೈ ಬೀಸಿದಳು. ಐದಾರು ಸಲ ಬೀಸಿದಳೋ ಇಲ್ಲವೋ, ನಿಂತುಬಿಟ್ಟಳು. ನೀರು ಅವಳ ಸೊಂಟದ ಮೇಲಕ್ಕೆ ಬರಲಿಲ್ಲ. ಇಡೀ ಊರು ನೋಡಿತು. ಅಷ್ಟೇ ದೂರ. ಕಟ್ಟೆಯ ಮೇಲೆ ಮೀಸೆ ಮುಖ ಮುಚ್ಚಿಕೊಂಡು ಅತ್ತ.

ಅತ್ತಿಗೆ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಇಬ್ಬರೂ ಅಲ್ಲೇ, ಸಂತೆ ರಸ್ತೆಯಲ್ಲಿ, ಅತ್ತರು. ಆಮೇಲೆ ಅತ್ತಿಗೆ ಮೂಗೊರೆಸಿಕೊಂಡು, "ರಸ್ತೆ ಎಲ್ಲಿಂದ ಎಲ್ಲಿಗೆ ಬರುತ್ತೆ, ನಡೆದು ತೋರಿಸಿ ಅತ್ತೆ. ಹಗ್ಗ ಕಟ್ತೀನಿ," ಎಂದಳು.

ಅಂದು ಪಾಠ ನಡೆಯಲಿಲ್ಲ. ಅಂದು ಹಿರಿಯರು ಒಬ್ಬೊಬ್ಬರಾಗಿ ದಡಕ್ಕಿಳಿದರು. ಅಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವರು ಜಗಳಕ್ಕೇ ನಿಂತರು. "ಹೆಂಚಿನ ಕಾರ್ಖಾನೆ ಅಲ್ಲಲ್ಲ, ಇನ್ನೂ ಎಡಕ್ಕೆ!" "ನಿನಗೇನು ಗೊತ್ತು, ನಮ್ಮ ಮನೆ ಎದುರಿಗೇ ಇತ್ತು!" ಪ್ರೇಮಿಗಳ ದ್ವೀಪದ ಕಡೆ ಕೈ ತೋರಿಸಿ ಒಬ್ಬ ಅಜ್ಜ, "ಅದಾ? ಒಡೆದ ಹೆಂಚು, ಕಸ ಎಲ್ಲ ಸುರೀತಿದ್ದ ದಿಬ್ಬ," ಎಂದಾಗ ಮೀಸೆಯ ಮುಖ ನೋಡಬೇಕಿತ್ತು. ಈಗ ಅವನು ದೋಣಿಯಲ್ಲಿ ಇದನ್ನೇ ಹೇಳುತ್ತಾನೆ. ಅರಮನೆ ಹೋಯಿತು, ಶಾಲೆ ಬಂತು. ಪ್ರವಾಸಿಗರು ಕಡಿಮೆಯೇನೂ ಆಗಿಲ್ಲ. ಗಂಟೆಯನ್ನು ಮಾತ್ರ ಬಿಡಲು ಅವನಿಗೆ ಮನಸ್ಸಿಲ್ಲ, ಶಾಲೆಯ ಗಂಟೆ ಎನ್ನುತ್ತಾನೆ. ಅತ್ತಿಗೆ ಖಾಲಿ ಪ್ಲಾಸ್ಟಿಕ್ ಕ್ಯಾನುಗಳಿಗೆ ಕಿತ್ತಳೆ ಬಟ್ಟೆ ಹೊಲಿದು, ಹಗ್ಗಕ್ಕೆ ಪೋಣಿಸಿ, ರಸ್ತೆಯ ಎರಡೂ ಅಂಚಿಗೆ ತೇಲಿಬಿಟ್ಟಳು.

ಬೇಸಿಗೆಯೆಲ್ಲ ಮೈದಾನದಲ್ಲಿ ಪಾಠ ನಡೆಯಿತು. ಬೆರಳೆಣಿಕೆಯ ಮಕ್ಕಳು ಹಿಂಡಾದರು. ಕೊನೆಯ ಪರೀಕ್ಷೆ ಒಂದೇ. ಜಾಕೆಟ್ ಇಲ್ಲದೆ ಕಟ್ಟೆಯ ತುದಿಯಿಂದ, ಅದೇ ಜಾಗದಿಂದ ಬೀಳಬೇಕು, ರಸ್ತೆಗೆ ಬಂದು ನಿಲ್ಲಬೇಕು. ಮೊದಲು ಅತ್ತಿಗೆ ತನ್ನ ಮಗಳನ್ನೇ ಕಟ್ಟೆಗೆ ಕಳಿಸಿದಳು. ತಾನು ಕ್ವಾರಿಯ ನೀರಿನಲ್ಲಿ ತೇಲುತ್ತ ಕಾದಳು. ಅಮ್ಮ ರಸ್ತೆಯ ಮೇಲೆ ಎದೆಗೆ ಜಾಕೆಟ್ ಬಿಗಿದುಕೊಂಡು, ಎರಡೂ ಕೈ ಮುಂದೆ ಚಾಚಿ ನಿಂತಿದ್ದಳು.

ಮಗು ಕಟ್ಟೆಯ ಮೇಲೆ ಪಕ್ಕದಲ್ಲಿದ್ದ ನನ್ನನ್ನು ಒಮ್ಮೆ ನೋಡಿತು. ಮೂಗು ಹಿಡಿದು ಹಾರಿತು. ನೀರು ಮುಚ್ಚಿಕೊಂಡಿತು. ಕೆಮ್ಮುತ್ತ ಮೇಲೆ ಬಂತು, ತಲೆ ಎತ್ತಿತು, ತನ್ನ ಅಮ್ಮನಂತೆಯೇ ಯಾರನ್ನೋ ಬೈಯಲು ಹೊರಟ ಹಾಗೆ ಕೈ ಬಡಿಯತೊಡಗಿತು. ಅತ್ತಿಗೆ ಪಕ್ಕದಲ್ಲೇ ಇದ್ದಳು, ಮುಟ್ಟಲಿಲ್ಲ. ಆಮೇಲೆ ಆ ಪುಟ್ಟ ಮೈ ಥಟ್ಟನೆ ನೆಟ್ಟಗಾಯಿತು. ನೀರು ಅದರ ಗದ್ದಕ್ಕೆ ಬಂದು ನಿಂತಿತು.

"ಅಜ್ಜೀ!" ಎಂದು ಅದು ಊರಿಗೆಲ್ಲ ಕೇಳುವಂತೆ ಕೂಗಿತು. "ಕಾಲು ಸಿಕ್ತು!"